ಸುರಪುರದ ಹೊಲದಲ್ಲಿ ಸಿಕ್ಕ ಕೊಡಲಿ: ತಾಮ್ರ ತಿಂಥಣಿಯದ್ದೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಸುಮಾರು 40 ವರ್ಷದ ಹಿಂದೆ ನಮ್ಮ ಮುತ್ಯಾ ಹೊಲಕ್ಕೆ ಬದು ಹಾಕಲು ಮಣ್ಣು ಅಗೆಯುವಾಗ ತಾಮ್ರದ ಚಪ್ಪಟೆ ಕೊಡಲಿಯೊಂದು ಸಿಕ್ಕಿತ್ತು. ಅಂದಿನಿಂದ ಅದು ನಮ್ಮ ದೇವರ ಜಗಲಿ ಮೇಲಿದೆ. ಪ್ರತಿ ಅಮಾವಾಸ್ಯೆಗೆ ಹುಣಸೆ ಹುಳಿ ಹಾಕಿ ತೊಳೆದು ಸಿಂಧೂರ ಹಚ್ಚುತ್ತೇವೆ. ಈಚೆಗೆ ಒಂದು ಕಾಲೇಜಿನಲ್ಲಿ ಗನ್ ತರಹದ ಯಂತ್ರ ಹಿಡಿದು ನೋಡಿದರು. ನೂರಕ್ಕೆ ತಾಮ್ರ 93, ಕಬ್ಬಿಣ 3, ಸೀಸ 2, ಆರ್ಸೆನಿಕ್ 1 ಎಂದು ಬಂತು. ತಿಂಥಣಿ ಹತ್ತಿರ ತಾಮ್ರದ ಅದಿರು ಇದೆ ಎಂದು ಕೇಳಿದ್ದೇನೆ. ನಮ್ಮ ಕೊಡಲಿಯ ತಾಮ್ರ ಅಲ್ಲಿಯದೇ ಎಂದು ಈ ಲೆಕ್ಕದಿಂದ ಹೇಳಬಹುದೇ?

ಉತ್ತರ: ಅಕ್ಕೋರೆ, ಪತ್ರದ ಜೊತೆ ನೀವು ಕಳಿಸಿದ ಫೋಟೋವನ್ನು ಮತ್ತೆ ಮತ್ತೆ ನೋಡಿದೆ. ಅಂಗೈ ಅಗಲದ ಕೊಡಲಿ. ಕಾವು ತೂರಿಸಲು ತೂತಿಲ್ಲ. ಬಾಯಿ ಕಡೆ ಅಗಲ, ಹಿಂದೆ ಕಿರಿದು. ಒಂದು ಮೂಲೆಯಲ್ಲಿ ಸಿಂಧೂರ ಗಟ್ಟಿಯಾಗಿ ಕೂತಿದೆ. ಅದರ ಅಂಚಲ್ಲಿ ಹಸಿರು ಕಿಲುಬು ಸ್ವಲ್ಪ ಉಳಿದಿದೆ. ಮಿಕ್ಕ ಕಡೆಯೆಲ್ಲ ಹುಣಸೆ ಹುಳಿಯ ಕೆಂಪು ಹೊಳಪು.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವ ನಾಲ್ಕು ಅಂಕಿಯಿಂದ ತಿಂಥಣಿ ಹೌದು ಎನ್ನಲು ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ. ಆದರೆ ಕೊಡಲಿಯ ಹೊಟ್ಟೆಯೊಳಗೆ ಉತ್ತರದ ದೊಡ್ಡ ಪಾಲು ಇನ್ನೂ ಹಾಗೇ ಇದೆ. ಅದನ್ನು ಹೊರಗೆ ತರುವ ದಾರಿ ಇದೆ. ಆ ದಾರಿಯಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂಬುದನ್ನೂ ಹೇಳುತ್ತೇನೆ, ಯಾಕಂದ್ರೆ ಈ ವಿಷಯದಲ್ಲಿ ಅವಸರದ ಉತ್ತರಗಳು ಜಾಸ್ತಿ ಓಡಾಡುತ್ತವೆ.

ಮೊದಲು ಆ ಗನ್ ವಿಚಾರ. ಅದು ವಸ್ತುವಿನ ಮೇಲೆ ಎಕ್ಸ್‌ರೇ ಬಿಡುತ್ತದೆ. ಒಳಗಿನ ಪರಮಾಣುಗಳು ತಮ್ಮ ತಮ್ಮ ಎಕ್ಸ್‌ರೇ ವಾಪಸ್ ಕೊಡುತ್ತವೆ. ತಾಮ್ರದ್ದು ಒಂದು ಶಕ್ತಿ, ಕಬ್ಬಿಣದ್ದು ಇನ್ನೊಂದು. ಅದನ್ನು ಓದಿ ಯಂತ್ರ ಪಟ್ಟಿ ಕೊಡುತ್ತದೆ. ಒಳ್ಳೆಯ ಯಂತ್ರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಮ್ರದಂಥ ಭಾರದ ಲೋಹದಲ್ಲಿ ಅದಕ್ಕೆ ಕಾಣುವುದು ಮೇಲಿನ ಪದರ ಮಾತ್ರ. ಸುಮಾರಾಗಿ ಒಂದು ತಲೆಕೂದಲ ದಪ್ಪದಷ್ಟು ಆಳ ಅಂದುಕೊಳ್ಳಿ. ನಿಮ್ಮ ಕೊಡಲಿಯ ಆ ಪದರದಲ್ಲಿ ಏನಿದೆ? ಹೊಲದ ಮಣ್ಣಿದೆ, 40 ವರ್ಷದ ಹುಣಸೆ ಹುಳಿ ಇದೆ, ದೀಪದ ಎಣ್ಣೆ ಇದೆ, ಸಿಂಧೂರ ಇದೆ. ಯಂತ್ರ ಅದನ್ನೂ ಓದಿದೆ.

ಒಂದೊಂದೇ ಅಂಕಿ ನೋಡೋಣ. ಕಬ್ಬಿಣ 3. ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಕಿಲುಬಿನ ಸಣ್ಣ ಸಣ್ಣ ಕುಳಿಗಳಲ್ಲಿ ಮಣ್ಣು ಕೂತಿದ್ದರೆ ಸಾಕು, ಕಬ್ಬಿಣ ಏರುತ್ತದೆ. ಹಳೆಯ ಕಾಲದಲ್ಲಿ ಅದಿರು ಕರಗಿಸುವಾಗಲೂ ತಾಮ್ರದೊಳಗೆ ಕಬ್ಬಿಣ ಸೇರುತ್ತಿತ್ತು. ಇದು ಯಾವುದು? ಮೇಲ್ಪದರ ನೋಡಿ ಹೇಳಲಾಗದು.

ಸೀಸ 2. ಇದೇ ನನಗೆ ಜಾಸ್ತಿ ಅನುಮಾನ ತಂದ ಅಂಕಿ. ಹನುಮಪ್ಪನಿಗೆ ಹಚ್ಚುವ ಕೇಸರಿ ಬಣ್ಣದ ಸಿಂಧೂರ ಹಿಂದಿನಿಂದಲೂ ಸೀಸದ ಆಕ್ಸೈಡಿನಿಂದ ಮಾಡಿದ್ದು. ಅಂದರೆ ಪ್ರತಿ ಅಮಾವಾಸ್ಯೆಗೆ ನೀವು ಭಕ್ತಿಯಿಂದ ಕೊಡಲಿಗೆ ಸೀಸ ಹಚ್ಚುತ್ತಾ ಬಂದಿದ್ದೀರಿ. ಹುಣಸೆ ಹುಳಿಯ ಆಮ್ಲ ಕಿಲುಬನ್ನು ತಿಂದು ತಾಮ್ರದ ಮೇಲೆ ಸಣ್ಣ ಸಣ್ಣ ಬಾಯಿ ತೆರೆಯುತ್ತದೆ, ಸಿಂಧೂರ ಅದರೊಳಗೆ ಇಳಿಯುತ್ತದೆ. ನಿಮ್ಮನ್ನು ದೂರುತ್ತಿಲ್ಲ. ಈ ಕೊಡಲಿ ಗುಜರಿ ಅಂಗಡಿಗೆ ಹೋಗಿ ಕರಗದೆ ಉಳಿದದ್ದೇ ಜಗಲಿಯ ದೆಸೆಯಿಂದ. ನಿಮ್ಮ ಮನೆಯವರಿಗೆ ನಾನು ಕೈ ಮುಗಿಯುತ್ತೇನೆ.

ಇನ್ನು ಆರ್ಸೆನಿಕ್ 1. ಇಲ್ಲೊಂದು ಸೂಕ್ಷ್ಮ ಇದೆ. ಆರ್ಸೆನಿಕ್ ಕೊಡುವ ಮುಖ್ಯ ಎಕ್ಸ್‌ರೇಯ ಶಕ್ತಿ 10.54 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸೀಸದ್ದು 10.55. ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಯಂತ್ರ ಬೇರೆ ಗೆರೆಗಳನ್ನು ನೋಡಿ ಲೆಕ್ಕ ಹಾಕಿ ಎರಡನ್ನೂ ಬಿಡಿಸುತ್ತದೆ. ಆದರೆ ಸೀಸ ಜಾಸ್ತಿ ಇದ್ದು ಆರ್ಸೆನಿಕ್ ಕಮ್ಮಿ ಇದ್ದರೆ ಆ ಲೆಕ್ಕ ತಪ್ಪುವುದು ಸುಲಭ. ಹಾಗಾಗಿ ನಿಮ್ಮ ಕೊಡಲಿಯಲ್ಲಿ ಆರ್ಸೆನಿಕ್ ನಿಜಕ್ಕೂ ಇದೆಯೋ, ಅಥವಾ ಸಿಂಧೂರದ ಸೀಸವೇ ಆರ್ಸೆನಿಕ್ ಹೆಸರಲ್ಲಿ ಪಟ್ಟಿಗೆ ಬಂದಿದೆಯೋ ಎಂಬುದು ಈ ಅಳತೆಯಿಂದ ತಿಳಿಯುವುದಿಲ್ಲ.

ಆರ್ಸೆನಿಕ್ ಇದ್ದರೆ ಏನು ದೊಡ್ಡ ಮಾತು ಅಂತೀರಾ? ದೊಡ್ಡ ಮಾತೇ. ಬೀದರಿನ ಮಾಂಜ್ರಾ ಹೋಗಿ ಸೇರುವುದು ಗೋದಾವರಿಗೆ, ಅಲ್ವಾ? ಅದೇ ಗೋದಾವರಿ ಕಣಿವೆಯಲ್ಲಿ, ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ನಾಲ್ಕು ಲೋಹದ ಮೂರ್ತಿಗಳು ಸಿಕ್ಕವು. ರಥ, ಆನೆ, ಘೇಂಡಾಮೃಗ, ಕೋಣ. ಎಲ್ಲ ಸೇರಿ 60 ಕಿಲೋಗೂ ಮೇಲೆ ತೂಕ. ಅವುಗಳಲ್ಲಿ ಆರ್ಸೆನಿಕ್ ನೂರಕ್ಕೆ 1ಕ್ಕಿಂತ ಜಾಸ್ತಿ ಕಂಡದ್ದರಿಂದ, ಅವು ಯಾವ ಕಾಲದವು, ಯಾರು ಎರಕ ಹೊಯ್ದದ್ದು ಎಂಬ ಚರ್ಚೆಯೇ ಬೇರೆ ದಿಕ್ಕಿಗೆ ತಿರುಗಿತು. ಆ ಒಂದು ಅಂಕಿಗೆ ಅಷ್ಟು ತೂಕವಿದೆ. ಅದಕ್ಕೇ ಅದು ಸಿಂಧೂರದಿಂದ ಬಂದದ್ದಾಗಿರಬಾರದು.

ಹುಣಸೆ ಹುಳಿಯ ಪೆಟ್ಟು ನನಗೂ ಬಿದ್ದಿದೆ. ವರ್ಷಗಳ ಹಿಂದೆ ಒಂದು ಊರಿನಲ್ಲಿ ತಾಮ್ರದ ಹಳೆಯ ಉಳಿಯೊಂದನ್ನು ನೋಡಲು ಹೋಗಿದ್ದೆ. ಅದರ ಫೋಟೋದಲ್ಲಿ ದಪ್ಪ ಹಸಿರು ಕಿಲುಬು ಇತ್ತು. ಕಿಲುಬಿನೊಳಗೆ ಬಟ್ಟೆಯ ನೇಯ್ಗೆಯ ಗುರುತು ಇದ್ದಂತೆ ಕಾಣುತ್ತಿತ್ತು. ಯಾರೋ ಬಟ್ಟೆಯಲ್ಲಿ ಸುತ್ತಿ ಹೂತಿಟ್ಟಿದ್ದರೇನೋ. ನಾನು ಹೋಗುವ ಹಿಂದಿನ ದಿನ, ಸಾಹೇಬರು ಬರುತ್ತಾರೆ ಎಂದು, ಹುಣಸೆ ಮತ್ತು ಬೂದಿ ಹಾಕಿ ಫಳಫಳ ತಿಕ್ಕಿ ಇಟ್ಟಿದ್ದರು. ಗೌರವದಿಂದಲೇ ಮಾಡಿದ್ದು. ನೇಯ್ಗೆ ಚರಂಡಿಗೆ ಹೋಗಿತ್ತು. ಮುಂಚೆಯೇ ಒಂದು ಮಾತು ಹೇಳಿ ಕಳಿಸಬೇಕಿತ್ತು, ನಾನು ಹೇಳಿರಲಿಲ್ಲ. ಇವತ್ತಿಗೂ ಅದು ನನಗೆ ನೋವೇ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಒಂದು ತಾಮ್ರದ ತುಂಡು ಯಾವ ಬೆಟ್ಟದ ಅದಿರಿನಿಂದ ಬಂತು ಎಂದು ಹೇಗೆ ತಿಳಿಯುತ್ತದೆ?

ಒಂದು ಸಲ ಬೀದರಿಗೆ ಹೋದಾಗ ಬಿದ್ರಿ ಕೆಲಸದವರ ಹತ್ತಿರ ಅರ್ಧ ದಿನ ಕೂತುಬನ್ನಿ. ನಾನು ಕೂತಿದ್ದೇನೆ. ಮೂಸೆಯಲ್ಲಿ ಸತು ಕರಗುತ್ತಿರುತ್ತದೆ. ಅದಕ್ಕೆ ಸ್ವಲ್ಪ ತಾಮ್ರ ಹಾಕುತ್ತಾರೆ. ನಾನು ನೋಡಿದ ದಿನ ಹಾಕಿದ್ದು ಹಳೇ ಕರೆಂಟ್ ವೈರಿನ ತುಂಡುಗಳು. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರು. ಕೆತ್ತುವ ಗೆರೆ ಕಾಣಲಿ ಎಂದು ಮೈ ತಾತ್ಕಾಲಿಕವಾಗಿ ಕಪ್ಪಾಯಿತು. ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿದರು. ಕೊನೆಗೆ ಕೋಟೆಯ ಮಣ್ಣು, ನವಸಾಗರ, ನೀರು ಬೆರೆಸಿ ಹಚ್ಚಿದಾಗ ಮೈಯೆಲ್ಲ ಕಾಡಿಗೆ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಬೀದರಿನದೇ ಕೈ, ಬೀದರಿನದೇ ಮಣ್ಣು, ಬೀದರಿನದೇ ಹೆಸರು. ಆದರೆ ಆ ಹೂದಾನಿಯ ಲೋಹದಲ್ಲಿ ಬೀದರಿನ ನೆಲದ್ದು ಒಂದು ಗುಲಗಂಜಿ ತೂಕವೂ ಇಲ್ಲ. ಸತು ರಾಜಸ್ಥಾನದ್ದಿರಬಹುದು. ವೈರಿನ ತಾಮ್ರ ಚಿಲಿ ದೇಶದ ಗಣಿಯದ್ದೂ ಇರಬಹುದು, ನಮ್ಮ ಕಾರ್ಖಾನೆಗಳಿಗೆ ಅಲ್ಲಿಂದಲೂ ಅದಿರು ಬರುತ್ತದೆ.

ಮಾಡಿದ ಜಾಗ ಬೇರೆ, ಅಗೆದ ಜಾಗ ಬೇರೆ. ಸಿಕ್ಕ ಜಾಗ ಮೂರನೆಯದು. ನಿಮ್ಮ ಪ್ರಶ್ನೆಯಲ್ಲಿ ಈ ಮೂರೂ ಒಂದಕ್ಕೊಂದು ಗಂಟು ಬಿದ್ದಿವೆ. ಸಿಕ್ಕದ್ದು ಸುರಪುರ ತಾಲ್ಲೂಕಿನಲ್ಲಿ, ಅದು ಗಟ್ಟಿ. ಮಾಡಿದ್ದು ಎಲ್ಲಿ ಎಂಬುದಕ್ಕೆ ಆಕಾರ, ಬಡಿದ ರೀತಿ, ಸುತ್ತಮುತ್ತ ಸಿಗುವ ಮೂಸೆಯ ಚೂರು ಸಾಕ್ಷಿ. ಅಗೆದದ್ದು ಎಲ್ಲಿ ಎಂಬುದಕ್ಕೆ ಮಾತ್ರ ರಸಾಯನಶಾಸ್ತ್ರ ಬೇಕು.

ನೆರೆಯ ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ತಾಮ್ರದ ಮೂರು ಕತ್ತಿಗಳು ಸಿಕ್ಕಿದ್ದವು. ಹಿಡಿಯ ತುದಿ ಕೀಟದ ಮೀಸೆಯ ಹಾಗೆ ಎರಡಾಗಿ ಕವಲೊಡೆದಿದೆ. ಆ ಮಾದರಿ ಗಂಗಾ-ಯಮುನಾ ಬಯಲಿನಲ್ಲಿ ಸಿಗುವಂಥದ್ದು. ಇಷ್ಟು ದೂರ ದಕ್ಷಿಣದಲ್ಲಿ ಅದು ಹೇಗೆ ಬಂತು? ಕತ್ತಿಯೇ ನಡೆದು ಬಂದಿರಬಹುದು. ಕತ್ತಿ ಮಾಡುವವನು ಬಂದು ಇಲ್ಲಿಯ ತಾಮ್ರದಲ್ಲಿ ಹೊಯ್ದಿರಲೂಬಹುದು. ಆಕಾರ ನೋಡಿದರೆ ಈ ಎರಡರಲ್ಲಿ ಯಾವುದು ಎಂದು ತಿಳಿಯುವುದಿಲ್ಲ. ಲೋಹವನ್ನೇ ಕೇಳಬೇಕು.

ಲೋಹವನ್ನು ಕೇಳುವ ಮೊದಲ ದಾರಿ, ಅದರಲ್ಲಿರುವ ಚೂರುಪಾರು ಧಾತುಗಳು. ಯಾವ ಅದಿರೂ ಶುದ್ಧ ತಾಮ್ರ ಅಲ್ಲ. ಜೊತೆಗೆ ಬೆಳ್ಳಿ, ನಿಕ್ಕಲ್, ಆರ್ಸೆನಿಕ್, ಆಂಟಿಮನಿ, ಕೋಬಾಲ್ಟ್, ಬಿಸ್ಮತ್ ಹೀಗೆ ಏನೇನೋ ಇರುತ್ತವೆ. ಒಂದೊಂದು ಗಣಿಯದು ಒಂದೊಂದು ಹದ. 1960ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಸಂಶೋಧಕರು ಯುರೋಪಿನ ಸುಮಾರು 22,000 ಹಳೆಯ ತಾಮ್ರದ ವಸ್ತುಗಳನ್ನು ಹೀಗೆ ಅಳೆದರು. ದೊಡ್ಡ ಸಾಹಸ ಅದು. ಗುಂಪುಗಳೇನೋ ಚೆನ್ನಾಗಿ ಬಂದವು. ಆದರೆ ಗುಂಪಿಗೊಂದು ಗಣಿ ಹೊಂದಿಸಲು ಹೋದಾಗ ಕೆಲಸ ಕೆಟ್ಟಿತು. ಅದಿರಿನಲ್ಲಿದ್ದ ಹದ ಕುಲುಮೆಯಿಂದ ಹೊರಬರುವಾಗ ಹಾಗೇ ಉಳಿಯುವುದಿಲ್ಲ. ಆರ್ಸೆನಿಕ್ ಹೊಗೆಯಾಗಿ ಹೋಗುತ್ತದೆ. ಕೋಬಾಲ್ಟ್, ಕಬ್ಬಿಣ ಬಹುಪಾಲು ಕಿಟ್ಟಕ್ಕೆ, ಅಂದರೆ ಅದಿರು ಕರಗಿಸಿದಾಗ ಬೇರೆಯಾಗಿ ಉಳಿಯುವ ಕಸಕ್ಕೆ, ಹೋಗುತ್ತವೆ. ಬೆಳ್ಳಿ, ನಿಕ್ಕಲ್ ಮಾತ್ರ ತಾಮ್ರವನ್ನು ಬಿಡದೆ ಹಿಡಿದುಕೊಂಡಿರುತ್ತವೆ.

ಈ ಸೋಲಿನಲ್ಲೂ ಒಂದು ದಾರಿ ಸಿಕ್ಕಿತು. ಆಕ್ಸ್‌ಫರ್ಡಿನ ಪೀಟರ್ ಬ್ರೇ ಮತ್ತು ಮಾರ್ಕ್ ಪೊಲಾರ್ಡ್ ಅವರು ಇದನ್ನು ಮಗ್ಗುಲು ಬದಲಿಸಿ ನೋಡಿದರು. ಪ್ರತಿ ಸಲ ಮತ್ತೆ ಕರಗಿಸಿದಾಗ ಆರ್ಸೆನಿಕ್ ಕಮ್ಮಿಯಾಗುತ್ತಾ ಹೋಗುತ್ತದೆ, ಬೆಳ್ಳಿ ಹಾಗೇ ಇರುತ್ತದೆ. ಹಾಗಾದರೆ ಈ ಎರಡನ್ನೂ ಹೋಲಿಸಿದರೆ ಲೋಹ ಎಷ್ಟು ಕೈ ದಾಟಿ ಬಂದಿದೆ ಎಂದು ಅಂದಾಜಿಸಬಹುದು. ನನಗೆ ಇದು ತುಂಬಾ ಇಷ್ಟವಾದ ಯೋಚನೆ. ಒಂದು ಗಣಿ ಹುಡುಕುವ ಬದಲು ತಾಮ್ರದ ಪೂರ್ತಿ ಬಾಳನ್ನೇ ಓದಿದ ಹಾಗೆ.

ಎರಡನೇ ದಾರಿ ಸೀಸದ ಐಸೊಟೋಪ್. ಹೆಸರು ಕೇಳಿ ಗಾಬರಿ ಬೇಡ, ನಿಮ್ಮ ಏಳನೇ ತರಗತಿ ಮಕ್ಕಳಿಗೂ ಹೇಳಬಹುದು. ಸೀಸದ ಪರಮಾಣು ನಾಲ್ಕು ತೂಕದಲ್ಲಿ ಸಿಗುತ್ತದೆ: 204, 206, 207, 208. ಗುಣ ಒಂದೇ, ತೂಕ ಮಾತ್ರ ಬೇರೆ. 204 ಭೂಮಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ. ಉಳಿದ ಮೂರು ದಿನವೂ ಬೆಳೆಯುತ್ತಿವೆ. ಬಂಡೆಯೊಳಗಿನ ಯುರೇನಿಯಂ 238 ನಿಧಾನವಾಗಿ ಸೀಸ 206 ಆಗುತ್ತದೆ. ಅದರಲ್ಲಿ ಅರ್ಧ ಕರಗಲು 447 ಕೋಟಿ ವರ್ಷ ಬೇಕು. ಯುರೇನಿಯಂ 235 ಅದಕ್ಕಿಂತ ಬೇಗ, ಸುಮಾರು 70 ಕೋಟಿ ವರ್ಷಕ್ಕೆ ಅರ್ಧ ಕರಗಿ ಸೀಸ 207 ಆಗುತ್ತದೆ. ಥೋರಿಯಂನಿಂದ 208 ಬರುತ್ತದೆ. ಅದು ಇನ್ನೂ ನಿಧಾನ, ಅರ್ಧಕ್ಕೆ 1400 ಕೋಟಿ ವರ್ಷ.

ಬಂಡೆಯಿಂದ ಸೀಸ, ತಾಮ್ರ ಎಲ್ಲ ಬಿಸಿನೀರಿನಲ್ಲಿ ಕರಗಿ ಬಂದು ಒಂದು ಕಡೆ ಅದಿರಾಗಿ ಗಟ್ಟಿಯಾಯಿತು ಅನ್ನಿ. ಯುರೇನಿಯಂ ಹಿಂದೆ ಉಳಿಯಿತು. ಅಲ್ಲಿಗೆ ಆ ಅದಿರಿನ ಸೀಸದ ಲೆಕ್ಕ ನಿಂತಿತು, ಬಿದ್ದು ನಿಂತ ಗಡಿಯಾರದ ಹಾಗೆ. ಆಮೇಲೆ ಅದನ್ನು ಅಗೆಯಿರಿ, ಹುರಿಯಿರಿ, ತಿದಿ ಒತ್ತಿ ಕರಗಿಸಿ, ಕೊಡಲಿ ಬಡಿಯಿರಿ, 3000 ವರ್ಷ ಮಣ್ಣಲ್ಲಿ ಹೂಳಿಡಿ. ಸೀಸದ ಪ್ರಮಾಣ ಹೆಚ್ಚುಕಮ್ಮಿ ಆಗಬಹುದು. ನಾಲ್ಕು ತೂಕಗಳ ನಡುವಿನ ಅನುಪಾತ ಮಾತ್ರ ಕದಲುವುದಿಲ್ಲ. ಆರ್ಸೆನಿಕ್ ಹೊಗೆಯಾಗಿ ಹೋದ ಕುಲುಮೆಯಲ್ಲೂ ಇದು ಉಳಿದು ಬರುತ್ತದೆ. ಅದಕ್ಕೇ ಇದರ ಮೇಲೆ ನಮಗಿಷ್ಟು ಭರವಸೆ.

ಹಳೆಯ ಕಾಲದಲ್ಲೇ ಗಟ್ಟಿಯಾದ ಅದಿರಿನಲ್ಲಿ 206ಕ್ಕೆ ಹೋಲಿಸಿದರೆ 207 ಜಾಸ್ತಿ ಇರುತ್ತದೆ. ಸುಮಾರು 270 ಕೋಟಿ ವರ್ಷದ ಸೀಸದ ಅದಿರಿನಲ್ಲಿ 207 ಅನ್ನು 206ರಿಂದ ಭಾಗಿಸಿದರೆ 1ಕ್ಕಿಂತ ಮೇಲೆ ಬರುತ್ತದೆ. ಭೂಮಿಯ ಲೆಕ್ಕದಲ್ಲಿ ಹೊಸದಾದ ಅದಿರಿನಲ್ಲಿ ಸುಮಾರು 0.84. ಸುರಪುರದ ಕಡೆಯ ಗ್ರಾನೈಟ್, ನೈಸ್ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಚಿತ್ರದುರ್ಗದ ಇಂಗಳದಾಳದ ತಾಮ್ರದ ಅದಿರು ಇರುವುದೂ ಅಂಥ ಹಳೆಯ ಬಂಡೆಗಳ ಪಟ್ಟಿಯಲ್ಲೇ. ಆದರೆ ಅರಬ್ಬಿ ಸಮುದ್ರದಾಚೆ ಒಮಾನಿನ ತಾಮ್ರದ ಬಂಡೆ ಹತ್ತು ಕೋಟಿ ವರ್ಷದೊಳಗಿನದು. ಮೆಸಪಟೋಮಿಯಾದ ಮಣ್ಣಿನ ಹಲಗೆಗಳು ಮಗನ್ ದೇಶದ ತಾಮ್ರ ಎಂದು ಹೇಳುವುದು ಆ ಒಮಾನ್ ಸೀಮೆಯದನ್ನೇ.

ಈಗ ನೋಡಿ, ನಿಮ್ಮ ಕೊಡಲಿಯ ಒಳಗಿನ ಸೀಸದಲ್ಲಿ ಆ ಅನುಪಾತ 1.05 ಬಂತು ಅನ್ನೋಣ. ಆಗ ಒಮಾನ್ ಪಟ್ಟಿಯಿಂದ ಹೊರಗೆ. ಅದರಲ್ಲಿ ಸಂಶಯವೇ ಬೇಡ. 0.84ರ ಹತ್ತಿರ ಬಂತು ಅನ್ನೋಣ. ಆಗ ತಾಮ್ರ ನಮ್ಮ ಹಳೆಯ ಬಂಡೆಗಳ ಅದಿರಿನದು ಎನ್ನುವುದೇ ಅನುಮಾನ. ನನ್ನ ಅನುಭವದಲ್ಲಿ ಈ ವಿದ್ಯೆಯ ನಿಜವಾದ ಬಲ ಇರುವುದು ಇಲ್ಲೇ. ಯಾವ ಗಣಿ ಅಲ್ಲ ಎಂಬುದನ್ನು ಅದು ಧೈರ್ಯವಾಗಿ ಹೇಳುತ್ತದೆ. ಯಾವ ಗಣಿ ಹೌದು ಎಂಬುದನ್ನು ಮೆಲ್ಲಗೆ ಹೇಳುತ್ತದೆ, ಅದೂ ಬೇರೆ ಸಾಕ್ಷಿ ಜೊತೆಗಿದ್ದರೆ. ಒಂದೇ ಕಾಲದಲ್ಲಿ ಒಂದೇ ಬಗೆಯ ಬಂಡೆಯಲ್ಲಿ ಹುಟ್ಟಿದ ಎರಡು ಗಣಿಗಳ ಅನುಪಾತ ಒಂದೇ ತರಹ ಇರಬಹುದು, ಅವುಗಳ ನಡುವೆ 500 ಕಿಲೋಮೀಟರ್ ದೂರ ಇದ್ದರೂ.

ಇನ್ನೂ ಮೂರು ತೊಡಕು ಇವೆ. ಅದಿರಿನ ಜೊತೆ ಯುರೇನಿಯಂ ಇದ್ದರೆ ಗಡಿಯಾರ ನಿಲ್ಲುವುದೇ ಇಲ್ಲ, ಸೀಸ 206 ಆಮೇಲೂ ಬೆಳೆಯುತ್ತಲೇ ಇರುತ್ತದೆ. ಜಾರ್ಖಂಡಿನ ಸಿಂಗಭೂಮಿನಲ್ಲಿ ತಾಮ್ರವೂ ಯುರೇನಿಯಂ ಕೂಡ ಒಂದೇ ಪಟ್ಟಿಯಲ್ಲಿವೆ. ನಮ್ಮ ಶಹಾಪುರದ ಗೋಗಿಯಲ್ಲಿ ಯುರೇನಿಯಂ ಇರುವುದು ನಿಮಗೆ ಗೊತ್ತೇ ಇದೆ. ಅಂಥ ನೆಲದ ಹತ್ತಿರದ ಅದಿರನ್ನು ಬಂಡೆಯ ವಯಸ್ಸು ನೋಡಿ ಊಹಿಸಬಾರದು, ಅದಿರನ್ನೇ ಅಳೆಯಬೇಕು.

ಎರಡನೆಯದು, ಸೀಸವನ್ನು ಬೇಕಂತಲೇ ಹಾಕಿದ್ದರೆ ಅನುಪಾತ ಸೀಸದ ಗಣಿಯನ್ನು ತೋರಿಸುತ್ತದೆ, ತಾಮ್ರದ್ದನ್ನಲ್ಲ. ಎರಕ ಚೆನ್ನಾಗಿ ಹರಿಯಲಿ ಎಂದು ಕಂಚಿಗೆ ಸೀಸ ಸೇರಿಸುವುದು ಹಳೆಯ ರೂಢಿ. ಬೆಂಗಳೂರಿನ ಸಂಶೋಧಕಿ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ನೂರಕ್ಕೂ ಹೆಚ್ಚು ಲೋಹದ ವಿಗ್ರಹಗಳ ಚೂರುಪಾರು ಧಾತುಗಳನ್ನೂ ಅವುಗಳಲ್ಲಿ ಹಲವುಗಳ ಸೀಸದ ಐಸೊಟೋಪನ್ನೂ ಅಳೆದು, ಯಾವ ವಿಗ್ರಹ ಯಾವ ಕಾಲದ ಗುಂಪಿಗೆ ಸೇರುತ್ತದೆ ಎಂದು ತೋರಿಸಿಕೊಟ್ಟರು. ಗಣಿಯ ಹೆಸರು ಗೊತ್ತಾಗದಿದ್ದರೂ ಒಂದೇ ಗುಂಪು ಹೌದೋ ಅಲ್ಲವೋ ಎಂಬುದೇ ಎಷ್ಟು ಉಪಯೋಗ, ನೋಡಿ. ಇನ್ನು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಗುವ ಶಾತವಾಹನರ ಸೀಸದ ನಾಣ್ಯಗಳಿಗೆ ಈ ತೊಡಕೇ ಇಲ್ಲ. ಅಲ್ಲಿ ನಾಣ್ಯವೇ ಸೀಸ. ಭೀಮಾ ದಂಡೆಯ ಆ ನಾಣ್ಯಗಳು ಈ ಅಳತೆಗೆ ಹೇಳಿ ಮಾಡಿಸಿದ ಹಾಗಿವೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬೆರಕೆ. ಕಲಬುರಗಿ ತೊಗರಿಬೇಳೆಯನ್ನೂ ಲಾತೂರಿನದನ್ನೂ ಒಂದೇ ಚೀಲಕ್ಕೆ ಸುರಿದು ಕಲಸಿದಿರಿ ಅನ್ನಿ. ತಾಳ್ಮೆ ಇದ್ದವರು ಕಾಳು ಕಾಳು ನೋಡಿ ಬೇರೆ ಮಾಡಿಯಾರು. ಎರಡನ್ನೂ ಬೇಯಿಸಿ ಕಡೆದ ಮೇಲೆ? ಕುಲುಮೆಯಲ್ಲಿ ಆಗುವುದು ಅದೇ. ಮುರಿದ ಕೊಡಲಿ, ತಂದ ಗಟ್ಟಿ, ಹಳೆಯ ಬಳೆ ಎಲ್ಲ ಒಂದೇ ಮೂಸೆಗೆ. ಎರಡು ಗಣಿಯ ಅನುಪಾತ ಬೆರೆತು ನಡುವಿನ ಒಂದು ಅಂಕಿ ಬರುತ್ತದೆ. ಆ ಅಂಕಿ ಮೂರನೇ ಯಾವುದೋ ಗಣಿಗೆ ಹೊಂದಿಕೊಂಡರೆ, ಅಲ್ಲಿಗೆ ಮೋಸ ಪೂರ್ತಿಯಾಯಿತು.

ಕಲ್ಲಿನ ಕೊಡಲಿಗೆ ಈ ತಾಪತ್ರಯವಿಲ್ಲ. ನಿಮ್ಮ ಸುರಪುರ ಸೀಮೆಯದೇ ಬೂದಿಹಾಳದಲ್ಲಿ ಪುರಾತತ್ವಜ್ಞ ಪದ್ದಯ್ಯನವರು ಉತ್ಖನನ ಮಾಡಿದ ಬೂದಿಗುಡ್ಡೆಯ (ಹಿಂದಿನವರು ಸಗಣಿ ಸುಟ್ಟ ಬೂದಿಯ ದಿಬ್ಬ) ಊರಿದೆಯಲ್ಲ, ಅಲ್ಲಿ ನವಶಿಲಾಯುಗದ ಜನ ಚರ್ಟ್ ಎಂಬ ಗಟ್ಟಿ ಕಲ್ಲಿನ ಅಲಗು ಮಾಡುತ್ತಿದ್ದ ಜಾಗವೇ ಸಿಕ್ಕಿತು. ಕಲ್ಲು ಕರಗುವುದಿಲ್ಲ, ಬೆರೆಯುವುದಿಲ್ಲ. ಹುಟ್ಟಿದ ಬಂಡೆಯ ಗುರುತನ್ನು ಕೊನೆಯವರೆಗೂ ಹೊತ್ತಿರುತ್ತದೆ. ದಕ್ಷಿಣದ ನವಶಿಲಾಯುಗದ ಊರುಗಳಲ್ಲಿ ಕಲ್ಲಿನ ಕೊಡಲಿ ರಾಶಿ ರಾಶಿ, ತಾಮ್ರ ಬಲು ಅಪರೂಪ. ತೆಕ್ಕಲಕೋಟೆ, ಬ್ರಹ್ಮಗಿರಿಯಂಥ ಕಡೆ ಬೆರಳೆಣಿಕೆಯಷ್ಟು. ಅಂಥ ಅಪರೂಪದ ಲೋಹವನ್ನು ಮುರಿದರೆ ಯಾರೂ ಎಸೆಯುತ್ತಿರಲಿಲ್ಲ, ಮತ್ತೆ ಕರಗಿಸುತ್ತಿದ್ದರು. ಬೆರಕೆಯ ಅನುಮಾನ ಇಲ್ಲಿ ಹೆಚ್ಚಾಗುವುದು ಅದಕ್ಕೇ.

ತಿಂಥಣಿಯ ವಿಷಯ. ನೀವು ಕೇಳಿದ್ದು ನಿಜ. ತಿಂಥಣಿಯಲ್ಲಿ ತಾಮ್ರದ ಅದಿರು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕೃಷ್ಣೆಯ ದಂಡೆ, ಮೌನೇಶ್ವರರ ಸ್ಥಳ, ಅದೂ ಕಂಚು ತಾಮ್ರದ ಕೆಲಸ ಮಾಡುವ ವಿಶ್ವಕರ್ಮರು ತಲೆಬಾಗಿ ನಡೆದುಕೊಳ್ಳುವ ಜಾಗ. ಅಲ್ಲಿ ತಾಮ್ರ ಇದೆ ಎಂದಾಗ ಮನಸ್ಸು ತಾನಾಗೇ ಅತ್ತ ವಾಲುತ್ತದೆ. ನನ್ನದೂ ವಾಲುತ್ತದೆ. ಆದರೆ ಹತ್ತಿರ ಇದೆ ಎಂಬುದು ಸಾಕ್ಷಿಯಲ್ಲ.

ಆಲ್ಪ್ಸ್ ಬೆಟ್ಟದ ಹಿಮದಲ್ಲಿ 1991ರಲ್ಲಿ ಸಿಕ್ಕ ಓಟ್ಸಿ ಎಂಬ ಮನುಷ್ಯನ ಕತೆ ಓದಿರಬಹುದು. 5000 ವರ್ಷಕ್ಕೂ ಹಳೆಯ ಶವ, ಜೊತೆಗೆ ತಾಮ್ರದ ಕೊಡಲಿ. ಆಲ್ಪ್ಸ್‌ನಲ್ಲೇ ತಾಮ್ರದ ಅದಿರು ಬೇಕಾದಷ್ಟಿದೆ. ಅಲ್ಲಿಯದೇ ಎಂದು ಎಲ್ಲರೂ ಅಂದುಕೊಂಡಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಸದ ಐಸೊಟೋಪ್ ನೋಡಿದಾಗ ತಾಮ್ರ ಬಂದದ್ದು ಇಟಲಿಯ ದಕ್ಷಿಣ ಟಸ್ಕನಿಯಿಂದ ಎಂದು ತಿಳಿಯಿತು. ಮನೆ ಹಿತ್ತಲಲ್ಲಿ ಅದಿರು ಇಟ್ಟುಕೊಂಡ ನಾಡಿನಲ್ಲಿ ಹೊರಗಿನ ತಾಮ್ರ ಓಡಾಡುತ್ತಿತ್ತು.

ಹಾಗಾಗಿ ನಿಮ್ಮ ಕೊಡಲಿಗೆ ಹೋಲಿಸಿ ನೋಡಬೇಕಾದ ಪಟ್ಟಿ ಉದ್ದ ಇದೆ. ತಿಂಥಣಿ ಮೊದಲು. ಆಮೇಲೆ ರಾಯಚೂರಿನ ಮಾಚನೂರು, ಚಿತ್ರದುರ್ಗದ ಇಂಗಳದಾಳ, ಹಾಸನದ ಕಲ್ಯಾಡಿ. ಆಂಧ್ರದ ಅಗ್ನಿಗುಂಡಾಲದಲ್ಲಿ ತಾಮ್ರವೂ ಸೀಸವೂ ಎರಡೂ ಇವೆ. ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಮಲಾಂಜ್‌ಖಂಡವನ್ನು ಬಿಡಲೇಬಾರದು. ಅದೇ ಜಿಲ್ಲೆಯ ಗುಂಗೇರಿಯಾದಲ್ಲಿ 1870ರಲ್ಲಿ ತಾಮ್ರದ 424 ಹತಾರಗಳೂ ಬೆಳ್ಳಿಯ 102 ತಗಡುಗಳೂ ಒಂದೇ ಕಡೆ ಸಿಕ್ಕಿದ್ದವು. ಕೊನೆಗೆ ರಾಜಸ್ಥಾನದ ಖೇತ್ರಿ. ಬೀದರ್ ಮತ್ತು ಕಲಬುರಗಿಯ ಉತ್ತರ ಭಾಗದ ಕಪ್ಪು ಬಸಾಲ್ಟ್, ಶಹಾಬಾದಿನ ಸುಣ್ಣಕಲ್ಲು ಇವು ತಾಮ್ರದ ಗಣಿಗೆ ಹೆಸರಾದ ನೆಲಗಳಲ್ಲ. ಯುರೋಪಿನಲ್ಲಿ ಅದಿರಿನ ಅಳತೆಗಳ ಸಾವಿರಾರು ಸಾಲಿನ ಪಟ್ಟಿಗಳಿವೆ. ಅದಕ್ಕೆ ಹೋಲಿಸಿದರೆ ನಮ್ಮಲ್ಲಿ ಕಮ್ಮಿ. ಕೊಡಲಿಯನ್ನು ಎಷ್ಟೇ ಚೆನ್ನಾಗಿ ಅಳೆದರೂ ಇನ್ನೊಂದು ತಕ್ಕಡಿಯಲ್ಲಿ ಅದಿರು ಇಲ್ಲದಿದ್ದರೆ ತೂಗುವುದು ಹೇಗೆ? ನಮ್ಮ ಭಾಗದ ಭೂವಿಜ್ಞಾನ ಓದುವ ಹುಡುಗರು ತಿಂಥಣಿ, ಮಾಚನೂರಿನ ಅದಿರಿನ ಸೀಸವನ್ನು ಅಳೆಯುವ ಕೆಲಸ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ದೊಡ್ಡ ಆಸೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಐಸೊಟೋಪ್ ಅಳೆಯುವ ಯಂತ್ರಗಳಿವೆ.

ಈಗ ನೀವು ಏನು ಮಾಡಬೇಕು? ಇವತ್ತಿನಿಂದಲೇ ಹುಣಸೆ ಹುಳಿ ನಿಲ್ಲಿಸಿ. ಸಿಂಧೂರವನ್ನೂ ನಿಲ್ಲಿಸಿ. ಪೂಜೆ ಬೇಕೆನಿಸಿದರೆ ಪಕ್ಕದಲ್ಲಿ ಹೂವಿಡಿ, ಕೊಡಲಿಗೆ ಏನೂ ತಾಗದಿರಲಿ. ಉಳಿದಿರುವ ಹಸಿರು ಕಿಲುಬನ್ನು ಕೆರೆಯಬೇಡಿ. ಒಣಗಿದ ಹತ್ತಿ ಬಟ್ಟೆ ಅಥವಾ ಬಿಳಿ ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಡಿ, ಒಳಗೆ ಬೆವರಿ ಕಿಲುಬು ಜೋರಾಗುತ್ತದೆ.

ಮಾದರಿ ತೆಗೆಯುವ ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಅಂಚಿನಲ್ಲಿ 1 ಮಿಲಿಮೀಟರ್ ದಪ್ಪದ ಡ್ರಿಲ್ ಇಳಿಸುತ್ತಾರೆ. ಮೊದಲು ಬರುವ ಹಸಿರು, ಕಂದು ಪುಡಿಯನ್ನು ಬಿಸಾಡುತ್ತಾರೆ. ನಿಮ್ಮ ಸಿಂಧೂರ ಅದರಲ್ಲೇ ಹೋಗುತ್ತದೆ. ಆಮೇಲೆ ಸಣ್ಣ ಸುರುಳಿ ಸುರುಳಿಯಾಗಿ ಹೊಳೆಯುವ ಗುಲಾಬಿ ಬಣ್ಣದ ತಾಮ್ರ ಬರುತ್ತದೆ. ಅದು ಬೇಕು. ಒಂದು ಚಿಟಿಕೆ ಉಪ್ಪಿಗಿಂತ ಕಮ್ಮಿ ಇದ್ದರೂ ಸಾಕು, ಚೂರುಪಾರು ಧಾತುಗಳಿಗೂ ಐಸೊಟೋಪ್‌ಗೂ ಎರಡಕ್ಕೂ ಆಗುತ್ತದೆ. ಆಗ ಆರ್ಸೆನಿಕ್ ನಿಜವೋ ಸುಳ್ಳೋ ಎಂಬುದೂ ಇತ್ಯರ್ಥವಾಗುತ್ತದೆ.

ಆದರೆ ಅದಕ್ಕೆ ಮೊದಲು ಒಂದು ಹೆಜ್ಜೆ ಇದೆ. 100 ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಧಿ ಕಾಯ್ದೆಯೂ ಇದೆ. ಹೆದರಿ ಬಚ್ಚಿಡುವ ಅಗತ್ಯವಿಲ್ಲ. ನೀವೇ ಮುಂದಾಗಿ ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ. ಫೋಟೋ ಲಗತ್ತಿಸಿ. ಅನುಮತಿ ಇಲ್ಲದೆ ಯಾರಿಗೂ ಡ್ರಿಲ್ ಹಾಕಲು ಕೊಡಬೇಡಿ, ಎಷ್ಟೇ ದೊಡ್ಡ ಸಂಸ್ಥೆಯವರು ಎಂದು ಹೇಳಿಕೊಂಡು ಬಂದರೂ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸುಮ್ನೆ ಒಂದು ಸಲ ಮಕ್ಕಳ ಜೊತೆ ನೋಡಿಬನ್ನಿ. ಹಳೆಯ ಎರಡು ಗುಮ್ಮಟಗಳ ಒಳಗಿದೆ. ಇಂಥ ವಸ್ತು ಅಂಥ ಕಡೆ ಹೇಗೆ ಉಳಿಯುತ್ತದೆ ಎಂದು ಕಂಡರೆ ಮನೆಯವರ ಮನಸ್ಸೂ ಹಗುರಾದೀತು.

ಇನ್ನೊಂದು ಕೆಲಸ ನೀವು ಮಾತ್ರ ಮಾಡಬಲ್ಲಿರಿ. ಮೊದಲ ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಆ ಹೊಲದಲ್ಲಿ ಒಂದು ಸುತ್ತು ನಡೆಯಿರಿ. ಅಗೆಯಬೇಡಿ, ಕಣ್ಣಿಗೆ ಬಿದ್ದದ್ದನ್ನು ನೋಡಿದರೆ ಸಾಕು. ಗಾಜಿನ ಹಾಗೆ ಹೊಳೆಯುವ ಕಪ್ಪು ಕಿಟ್ಟದ ಉಂಡೆ ಇದೆಯಾ? ಒಳಮೈ ಸುಟ್ಟು ಕರಗಿ, ಹಸಿರು ಚುಕ್ಕೆ ಹಿಡಿದ ಮೂಸೆಯ ಚೂರು ಇದೆಯಾ? ಹಸಿರು ಬಣ್ಣದ ಕಲ್ಲಿನ ಪುಡಿ? ಬೂದಿ ಬಣ್ಣದ ಮಣ್ಣು? ಒಂದು ಮೂಸೆಯ ಚೂರು ಸಿಕ್ಕರೂ ಅಲ್ಲೇ ತಾಮ್ರ ಕರಗಿಸುತ್ತಿದ್ದರು ಎನ್ನಲು ಆಧಾರವಾಗುತ್ತದೆ. ಅದಿರು ಕರಗಿಸಿದ ಕಿಟ್ಟ ಸಿಕ್ಕರಂತೂ ತಿಂಥಣಿಯ ಪಾಲಿಗೆ ದೊಡ್ಡ ಸಾಕ್ಷಿ. ಕಿಟ್ಟವನ್ನು ಯಾರೂ ದೂರದೂರಿಗೆ ಹೊತ್ತೊಯ್ಯುವುದಿಲ್ಲ. ಅದರೊಳಗಿನ ಸೀಸವೂ ಬೆರಕೆಯಾಗಿರುವುದಿಲ್ಲ. ಸಿಕ್ಕ ಜಾಗದ ಫೋಟೋ ತೆಗೆದು, ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಂಡು, ಅದನ್ನೂ ಇಲಾಖೆಗೆ ಬರೆಯುವ ಪತ್ರದಲ್ಲಿ ಸೇರಿಸಿ.

ನಿಮ್ಮ ಮುತ್ಯಾ ಇನ್ನೂ ಇದ್ದಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಡೆಯಲು ಆಗದಿದ್ದರೆ ಗಾಡಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಕರೆದೊಯ್ಯಿರಿ. ಬದುವಿನ ಯಾವ ಮಗ್ಗುಲು, ಎಷ್ಟು ಮೊಳ ಆಳ, ಕೊಡಲಿ ಒಂದೇ ಇತ್ತೋ, ಜೊತೆಗೆ ಮಡಕೆ ಚೂರು, ಎಲುಬು, ಬೂದಿ ಏನಾದರೂ ಇತ್ತೋ ಕೇಳಿ. ಅವರು ಬೆರಳು ತೋರಿಸಿದ ಜಾಗದಲ್ಲಿ ಒಂದು ಕಲ್ಲು ನೆಟ್ಟುಬನ್ನಿ. ಈ ವಾರವೇ ಹೋಗಿ.